ಪಿ = 0.034 ಬಂದಿದೆ, ಹಾಸ್ಟೆಲ್ ವಿದ್ಯಾರ್ಥಿಗಳಿಗೆ ಒತ್ತಡ ಹೆಚ್ಚು ಎಂದು ಬರೆಯಬಹುದೇ?

ಸಿರುಗುಪ್ಪ_ಎಂಎ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಎಂ.ಎ. ಮನಃಶಾಸ್ತ್ರದ ಡೆಸರ್ಟೇಶನ್ ವಿಚಾರ. ಬಳ್ಳಾರಿ ಜಿಲ್ಲೆಯ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುವವರಿಗೂ ಮನೆಯಿಂದ ಬಸ್ಸಿನಲ್ಲಿ ಓಡಾಡುವವರಿಗೂ ಒತ್ತಡದಲ್ಲಿ ವ್ಯತ್ಯಾಸ ಇದೆಯೇ ಎಂಬುದು ವಿಷಯ. ಅಳತೆಗೆ 10 ಪ್ರಶ್ನೆಗಳ ಪಿಎಸ್‌ಎಸ್ ಬಳಸಿದ್ದೇನೆ (ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್, ಒತ್ತಡ ಅಳೆಯುವ ಪ್ರಶ್ನಾವಳಿ; ಪ್ರತಿ ಪ್ರಶ್ನೆಗೆ 0ಯಿಂದ 4, ಒಟ್ಟು 40). ಎರಡು ಹಾಸ್ಟೆಲ್‌ಗಳಿಂದ ತಲಾ 20 ಜನ, ಎರಡು ಕಾಲೇಜುಗಳಿಂದ ಮನೆಯಿಂದ ಬರುವವರು ತಲಾ 20 ಜನ, ಒಟ್ಟು 80.

ಎಸ್‌ಪಿಎಸ್‌ಎಸ್‌ನಲ್ಲಿ (ಅಂಕಿಅಂಶ ತಂತ್ರಾಂಶ) ಬಂದದ್ದು: ಹಾಸ್ಟೆಲ್ ಸರಾಸರಿ 21.4, ಎಸ್‌ಡಿ (ಅಂಕಗಳ ಚದುರುವಿಕೆಯ ಅಳತೆ) 6.0, ಮನೆ ಸರಾಸರಿ 18.6, ಎಸ್‌ಡಿ 5.6. ಎರಡು ಸರಾಸರಿಗಳನ್ನು ಹೋಲಿಸುವ ಟಿ ಟೆಸ್ಟ್‌ನಲ್ಲಿ ಟಿ = 2.16, ಪಿ = 0.034.

ಕೇಳಬೇಕಾದ್ದು ಇಷ್ಟು. ನಲ್ ಹೈಪಾಥಿಸಿಸ್ (ವ್ಯತ್ಯಾಸ ಇಲ್ಲ ಎಂಬ ಊಹೆ) ನಿಜವಾಗಿರುವ ಸಾಧ್ಯತೆ 3.4%, ನಮ್ಮ ಹೈಪಾಥಿಸಿಸ್ 96.6% ಖಚಿತ ಎಂದು ಬರೆಯಬಹುದೇ? ಔಟ್‌ಪುಟ್‌ನಲ್ಲಿ ಎರಡು ಸಾಲು ಬರುತ್ತವೆ, ಯಾವುದನ್ನು ತೆಗೆದುಕೊಳ್ಳಬೇಕು? ಹಾಸ್ಟೆಲ್‌ನಲ್ಲೇ ಒತ್ತಡ ಹೆಚ್ಚಿರುತ್ತದೆ ಎಂಬ ಅಂದಾಜು ಹೇಗೂ ಇತ್ತಲ್ಲ, ಒನ್ ಟೇಲ್ಡ್ (ಒಂದೇ ದಿಕ್ಕಿನ ವ್ಯತ್ಯಾಸ ನೋಡುವ ಟೆಸ್ಟ್) ಹಾಕಿದರೆ 0.017 ಆಗುತ್ತದೆ, ಹಾಗೆ ಮಾಡಬಹುದೇ? ಇದೇ ಡೇಟಾದಲ್ಲಿ ಹುಡುಗ–ಹುಡುಗಿ, ವಿಜ್ಞಾನ–ಕಲೆ, ಕನ್ನಡ–ಇಂಗ್ಲಿಷ್ ಮಾಧ್ಯಮ ಹೀಗೆ ಇನ್ನೂ 5 ಹೋಲಿಕೆ ಮಾಡಿದ್ದೇನೆ. ಒಂದೂ ಸಿಗ್ನಿಫಿಕೆಂಟ್ (ಪಿ 0.05ಕ್ಕಿಂತ ಕಡಿಮೆ) ಬಂದಿಲ್ಲ. ಹುಡುಗ–ಹುಡುಗಿಯರದು ಪಿ = 0.49, ಅಂದರೆ ಅವರಿಬ್ಬರಲ್ಲಿ ವ್ಯತ್ಯಾಸ ಇಲ್ಲ ಎಂದು ಸಾಬೀತಾಯಿತು ಅಲ್ಲವೇ?

ಕೋಟೆಗುಡ್ಡ ಉತ್ತರ:

96.6% ವಾಕ್ಯವನ್ನು ದಯವಿಟ್ಟು ಬರೆಯಬೇಡಿ. ವೈವಾದಲ್ಲಿ ಆ ಒಂದು ಸಾಲು ಹಿಡಿದುಕೊಂಡರೆ ಉಳಿದ ಅಧ್ಯಾಯಗಳ ತಂಟೆಗೆ ಯಾರೂ ಹೋಗುವುದಿಲ್ಲ.

ಪಿ ಎಂದರೇನು ಅನ್ನುವುದನ್ನು ನಿಮ್ಮ ಫಾರಂಗಳನ್ನೇ ಇಟ್ಟುಕೊಂಡು ನೋಡೋಣ. 80 ಫಾರಂ ಇವೆ, ಪ್ರತಿಯೊಂದರ ಮೇಲೆ ಒಂದು ಒಟ್ಟು ಅಂಕ. ‘ಹಾಸ್ಟೆಲ್’, ‘ಮನೆ’ ಎಂಬ ಗುರುತನ್ನು ಅಳಿಸಿಬಿಡಿ. ಎಲ್ಲವನ್ನೂ ಕಲಸಿ, ಕಣ್ಣು ಮುಚ್ಚಿ 40–40ರ ಎರಡು ಗುಡ್ಡೆ ಮಾಡಿ, ಎರಡರ ಸರಾಸರಿ ತೆಗೆದು ವ್ಯತ್ಯಾಸ ಬರೆದುಕೊಳ್ಳಿ. ಮತ್ತೆ ಕಲಸಿ, ಮತ್ತೆ ಗುಡ್ಡೆ ಮಾಡಿ. ಕಂಪ್ಯೂಟರಿಗೆ ಹೇಳಿ ಹೀಗೆ 10,000 ಸಲ ಮಾಡಿಸಿದರೆ, ಆ ಕಡೆಗೋ ಈ ಕಡೆಗೋ 2.8 ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಹತ್ತಿರ ಹತ್ತಿರ 340 ಸಲ ಬರುತ್ತದೆ. 0.034 ಎಂದರೆ ಅದು. ಟಿ ಟೆಸ್ಟ್ ಇದೇ ಲೆಕ್ಕವನ್ನು ಸೂತ್ರದಿಂದ ಮಾಡುತ್ತದೆ, ಅಷ್ಟೇ.

ಇಲ್ಲಿ ಗಮನಿಸಿ: ಗುರುತಿಗೆ ಏನೂ ಅರ್ಥವಿಲ್ಲ, ಅಂದರೆ ನಲ್ ನಿಜ ಎಂದು ಮೊದಲೇ ಒಪ್ಪಿಕೊಂಡೇ ಫಾರಂ ಕಲಸಿದ್ದು. ಒಪ್ಪಿಕೊಂಡು ಶುರುಮಾಡಿದ ಮಾತು ಎಷ್ಟು ನಿಜ ಎಂದು ಆ ಲೆಕ್ಕವೇ ಹೇಳಲಾರದು. ಅದಕ್ಕೆ ಬೇರೆ ಎರಡು ಸಂಗತಿ ಗೊತ್ತಿರಬೇಕು: ಇಂಥ ಹೈಪಾಥಿಸಿಸ್‌ಗಳಲ್ಲಿ ಎಷ್ಟು ಭಾಗ ನಿಜವಾಗಿಯೂ ನಿಜ, ಮತ್ತು ನಿಮ್ಮ ಅಧ್ಯಯನದ ಪವರ್ (ವ್ಯತ್ಯಾಸ ನಿಜವಾಗಿ ಇದ್ದರೆ ಅದನ್ನು ಹಿಡಿಯುವ ಸಾಧ್ಯತೆ) ಎಷ್ಟು. ಒಂದು ಲೆಕ್ಕಕ್ಕೆ 1000 ಹೈಪಾಥಿಸಿಸ್ ಪರೀಕ್ಷೆಗೆ ಬಂದವು, ಅವುಗಳಲ್ಲಿ 200 ನಿಜ, ಪವರ್ 50% ಎಂದಿಟ್ಟುಕೊಳ್ಳಿ. 200ರಲ್ಲಿ 100 ಸಿಕ್ಕುತ್ತವೆ. ಉಳಿದ 800 ಸುಳ್ಳಿನಲ್ಲಿ 5%, ಅಂದರೆ 40, ಬರೀ ಅದೃಷ್ಟದಿಂದ 0.05ರ ಕೆಳಗೆ ಇಳಿಯುತ್ತವೆ. ‘ಸಿಗ್ನಿಫಿಕೆಂಟ್’ ಎಂದು ಅಚ್ಚಾದ 140ರಲ್ಲಿ 40 ಸುಳ್ಳು, ಸುಮಾರು 29%. ಮಿತಿ 5% ಇಟ್ಟಿದ್ದೇವೆ, ಹಾಗಾಗಿ ತಪ್ಪೂ 5% ಎಂಬ ನಂಬಿಕೆ ಇಲ್ಲಿಯೇ ಮುರಿಯುವುದು. 2015ರಲ್ಲಿ ಮನಃಶಾಸ್ತ್ರದ 100 ಅಧ್ಯಯನಗಳನ್ನು ಮರುಮಾಡಿ ನೋಡಿದಾಗ, ಮೂಲದಲ್ಲಿ 97% ಸಿಗ್ನಿಫಿಕೆಂಟ್ ಇದ್ದದ್ದು ಮರುಪರೀಕ್ಷೆಯಲ್ಲಿ 36%ಕ್ಕೆ ಇಳಿದಿತ್ತು. ಕಾರಣ ಹಲವು, ಸಣ್ಣ ಸ್ಯಾಂಪಲ್ ಅವುಗಳಲ್ಲಿ ಒಂದು.

ಎರಡು ಸಾಲಿನ ವಿಷಯ. ಮೇಲಿನದು ಎರಡೂ ಗುಂಪಿನ ಚದುರುವಿಕೆ ಒಂದೇ ಎಂದು ಭಾವಿಸಿದ್ದು, ಕೆಳಗಿನದು ವೆಲ್ಚ್ ಟೆಸ್ಟ್, ಆ ಭಾವನೆ ಇಲ್ಲದ್ದು. ಲೆವೀನ್ ಟೆಸ್ಟ್ (ಚದುರುವಿಕೆ ಸಮವೇ ಎಂದು ಪರೀಕ್ಷಿಸುವುದು) ನೋಡಿ ಸಾಲು ಆರಿಸಿ ಎಂದು ಹಳೆಯ ನೋಟ್ಸ್‌ಗಳಲ್ಲಿ ಇರುತ್ತದೆ. ಆ ಗೋಜು ಬೇಡ, ಯಾವಾಗಲೂ ಕೆಳಗಿನ ಸಾಲು ತೆಗೆದುಕೊಳ್ಳಿ. ಚದುರುವಿಕೆ ಸಮ ಇದ್ದರೆ ವೆಲ್ಚ್‌ನಿಂದ ನಷ್ಟ ತೀರಾ ಕಡಿಮೆ. ಸಮ ಇಲ್ಲದೆ, ಮೇಲಾಗಿ ಸಣ್ಣ ಗುಂಪಿನಲ್ಲೇ ಎಸ್‌ಡಿ ದೊಡ್ಡದಿದ್ದರೆ, ಮೇಲಿನ ಸಾಲು ಸುಳ್ಳು ಸಿಗ್ನಿಫಿಕೆನ್ಸ್ ಕೊಡುತ್ತದೆ. ನಿಮ್ಮಲ್ಲಿ 40–40 ಇರುವುದರಿಂದ ಎರಡೂ ಒಂದೇ: ಡಿಎಫ್ (ಡಿಗ್ರೀಸ್ ಆಫ್ ಫ್ರೀಡಂ, ಲೆಕ್ಕಕ್ಕೆ ಸಿಗುವ ಸ್ವತಂತ್ರ ಮಾಹಿತಿಯ ಎಣಿಕೆ) 78ರ ಬದಲು 77.6, ಪಿ ಅದೇ 0.034.

ಒನ್ ಟೇಲ್ಡ್: ನಿಮ್ಮ ಸಿನಾಪ್ಸಿಸ್ (ಡೇಟಾಗೆ ಮೊದಲು ಬರೆದ ಯೋಜನೆ) ತೆಗೆದು ನೋಡಿ. ಅದರಲ್ಲಿ ‘ಹಾಸ್ಟೆಲ್‌ನವರಲ್ಲಿ ಒತ್ತಡ ಹೆಚ್ಚಿರುತ್ತದೆ’ ಎಂದು ದಿಕ್ಕು ಹೇಳಿ ಬರೆದಿದ್ದರೆ, ಮತ್ತು ಉಲ್ಟಾ ಫಲಿತಾಂಶ ಎಷ್ಟೇ ದೊಡ್ಡದಾಗಿ ಬಂದರೂ ‘ಏನೂ ಸಿಗಲಿಲ್ಲ’ ಎಂದು ಬರೆಯಲು ತಯಾರಿದ್ದಿರಿ ಎನ್ನುವುದಾದರೆ, ಆಗ ಹಾಕಬಹುದು. ‘ವ್ಯತ್ಯಾಸ ಇದೆ’ ಎಂದಷ್ಟೇ ಬರೆದಿದ್ದರೆ ಟೂ ಟೇಲ್ಡೇ ಗತಿ. ಸರಾಸರಿ ಯಾವ ಕಡೆ ವಾಲಿದೆ ಎಂದು ನೋಡಿದ ಮೇಲೆ ಆ ಕಡೆಗೆ ಒನ್ ಟೇಲ್ಡ್ ಹಾಕುವುದು ಎಂದರೆ 5% ಎಂದು ಬೋರ್ಡು ಹಾಕಿ 10% ತಪ್ಪಿಗೆ ಅವಕಾಶ ಕೊಟ್ಟ ಹಾಗೆ.

ಹುಡುಗ–ಹುಡುಗಿ 0.49: ಏನೂ ಸಾಬೀತಾಗಿಲ್ಲ. ಎರಡೂ ಕಡೆ 40ರ ಆಸುಪಾಸು ಇದ್ದು ವ್ಯತ್ಯಾಸ 0.9 ಅಂಕ ಬಂದಿದ್ದರೆ, 95% ಕಾನ್ಫಿಡೆನ್ಸ್ ಇಂಟರ್ವಲ್ (ಈ ಡೇಟಾಗೆ ಹೊಂದುವ ವ್ಯತ್ಯಾಸಗಳ ವ್ಯಾಪ್ತಿ) ಸುಮಾರು −1.7ರಿಂದ 3.5ರವರೆಗೆ ಇರುತ್ತದೆ. ಸೊನ್ನೆಯೂ ಅದರೊಳಗಿದೆ, ಮೂರೂವರೆ ಅಂಕದ ವ್ಯತ್ಯಾಸವೂ ಅದರೊಳಗಿದೆ. ‘ಈ ಡೇಟಾದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ’ ಎನ್ನಬಹುದು, ‘ವ್ಯತ್ಯಾಸ ಇಲ್ಲ’ ಎನ್ನಲಾಗದು. ಇಲ್ಲ ಎಂದು ತೋರಿಸಬೇಕಿದ್ದರೆ ‘ಇಷ್ಟು ಅಂಕಕ್ಕಿಂತ ಕಡಿಮೆ ಇದ್ದರೆ ನಮಗೆ ಲೆಕ್ಕಕ್ಕಿಲ್ಲ’ ಎಂಬ ಗಡಿಯನ್ನು ಮೊದಲೇ ಹಾಕಿಕೊಂಡು ಈಕ್ವಿವಲೆನ್ಸ್ ಟೆಸ್ಟ್ ಮಾಡಬೇಕು. ‘ನಲ್ ಅಂಗೀಕರಿಸಲಾಗಿದೆ’ ಎಂಬ ಸಾಲನ್ನೂ ತೆಗೆದುಹಾಕಿ, ‘ತಿರಸ್ಕರಿಸಲು ಆಧಾರ ಸಾಲದು’ ಎಂದು ಬರೆಯಿರಿ.

ಇನ್ನು ಆರು ಹೋಲಿಕೆ. ಆರರಲ್ಲೂ ನಿಜಕ್ಕೂ ಏನೂ ಇಲ್ಲದಿದ್ದರೂ, ಪರೀಕ್ಷೆಗಳು ಸ್ವತಂತ್ರ ಎಂದಿಟ್ಟುಕೊಂಡರೆ, ಒಂದಾದರೂ 0.05ರ ಕೆಳಗೆ ಬೀಳುವ ಸಾಧ್ಯತೆ ಸುಮಾರು 26%. ಹೋಲ್ಮ್ ವಿಧಾನ ಸುಲಭ: ಆರೂ ಪಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಮೊದಲನೆಯದನ್ನು 0.05/6 = 0.0083ಕ್ಕೆ, ಅದು ಮಿತಿಯ ಕೆಳಗಿದ್ದರೆ ಎರಡನೆಯದನ್ನು 0.05/5 = 0.01ಕ್ಕೆ ಹೋಲಿಸುತ್ತಾ ಹೋಗಿ, ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಮುಗಿಯಿತು. 0.034 ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ. ಹಾಸ್ಟೆಲ್–ಮನೆ ಹೋಲಿಕೆಯೇ ಮುಖ್ಯ ಹೈಪಾಥಿಸಿಸ್ ಎಂದು ಸಿನಾಪ್ಸಿಸ್‌ನಲ್ಲಿ ಇದ್ದರೆ ಮಾತ್ರ ಅದನ್ನು ಪ್ರತ್ಯೇಕವಾಗಿ 0.05ಕ್ಕೆ ನೋಡಿ, ಉಳಿದ ಐದನ್ನು ‘ಪೂರಕ ಹೋಲಿಕೆಗಳು’ ಎಂದು ಬೇರೆ ಕೋಷ್ಟಕದಲ್ಲಿ ಇಡಿ. ಆರನ್ನೂ ತೋರಿಸಿ, ಬಂದದ್ದನ್ನು ಮಾತ್ರ ತೋರಿಸುವುದು ಸಲ್ಲದು.

ಅಂದಹಾಗೆ, ಎಫೆಕ್ಟ್ ಸೈಜ್ (ವ್ಯತ್ಯಾಸ ಎಷ್ಟು ದೊಡ್ಡದು ಎಂಬ ಅಳತೆ) ಬರೆದಿಲ್ಲವಲ್ಲ? ಎರಡೂ ಗುಂಪಿಗೆ ಒಟ್ಟಾರೆ (ಪೂಲ್ಡ್) ಎಸ್‌ಡಿ 5.8, ಆದ್ದರಿಂದ ಕೊಹೆನ್ ಡಿ = 2.8/5.8 = 0.48. ಇದರ ಇಂಟರ್ವಲ್ 0.04ರಿಂದ 0.93, ಅಂದರೆ ‘ಇಲ್ಲವೆಂಬಷ್ಟು ಸಣ್ಣದು’ ಎಂಬಲ್ಲಿಂದ ‘ದೊಡ್ಡದು’ ಎಂಬಲ್ಲಿವರೆಗೆ ಯಾವುದೂ ಆಗಬಹುದು. ಈ ಡಿಯ ಕೊಹೆನ್ ಜೇಕಬ್ ಕೊಹೆನ್; 1983ರ ಪಿಎಸ್‌ಎಸ್‌ನ ಕೊಹೆನ್ ಶೆಲ್ಡನ್ ಕೊಹೆನ್. ಇಬ್ಬರನ್ನೂ ಒಬ್ಬರೇ ಮಾಡಿ ಬರೆಯುವುದುಂಟು, ನೋಡಿಕೊಳ್ಳಿ.

ರಾಯಚೂರು_ಬಿಸಿಲು ಉತ್ತರ:

ಮ್ಯಾಲಿನವ್ರು ಎಲ್ಲಾ ಬರೋಬ್ಬರಿ ಹೇಳ್ಯಾರ. ಆದ್ರ ಟೆಸ್ಟಿಗೂ ಮೊದಲು ಡೇಟಾ ಶೀಟ್ ಒಮ್ಮೆ ನೋಡ್ರಿ ಮೇಡಂ (ಸರ್ ಇದ್ರ ಮಾಫ್ ಮಾಡ್ರಿ). ಪಿಎಸ್‌ಎಸ್-10 ಒಳಗ 4, 5, 7, 8ನೇ ಪ್ರಶ್ನೆ ಉಲ್ಟಾ ಇರ್ತಾವ. ಅವು ‘ಎಲ್ಲಾ ನಿಭಾಯಿಸ್ತೀನಿ’ ಅನ್ನೋ ಧಾಟಿಯವು. ಅವುಕ್ಕ 0 ಇದ್ದದ್ದು 4, 1 ಇದ್ದದ್ದು 3 ಆಗಬೇಕು, ಅಂದ್ರ 4ರಾಗ ಕಳೀಬೇಕು. ತಿರುಗಿಸದ ಕೂಡಿಸಿದ್ರ ಆರು ಪ್ರಶ್ನೆ ಒಂದು ಕಡೆ ಎಳೀತಾವ, ನಾಕು ಇನ್ನೊಂದು ಕಡೆ ಎಳೀತಾವ, ಎಸ್‌ಡಿ ಕುಗ್ಗಿ ಬರ್ತದ, ಕ್ರೋನ್‌ಬ್ಯಾಕ್ ಆಲ್ಫಾನೂ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದ್ತಾವ ಅನ್ನೋ ಅಳತಿ) ದಿಢೀರ್ ಕೆಳಗ ಬೀಳ್ತದ. ನಿಮ್ದು ಎಸ್‌ಡಿ 6ರ ಆಜೂಬಾಜೂ ಅದ, ತಿರುಗಿಸಿರ್ಬೇಕು. ಆದ್ರೂ ಆಲ್ಫಾ ತಗದು ನೋಡ್ರಿ.

ರೀಕೋಡ್ ಮಾಡುವಾಗ ಹಳೇ ಕಾಲಂ ಮ್ಯಾಲನ ಬರೀಬ್ಯಾಡ್ರಿ, ಬ್ಯಾರೆ ಹೆಸರಿನ ಕಾಲಂ ಮಾಡ್ರಿ. ಸಿಂಟ್ಯಾಕ್ಸ್ ಎರಡ್ನೇ ಸಲ ಓಡಿಸಿದ್ರ ಅದೇ ಕಾಲಂ ಮತ್ತ ಉಲ್ಟಾ ಆಗಿ ಮೊದಲಿನಂಗ ಕುಂದ್ರತದ, ಯಾರಿಗೂ ಗೊತ್ತಾಗಂಗಿಲ್ಲ.

ಇನ್ನೊಂದು. ಹುಡುಗ್ರು ಒಂದೋ ಎರಡೋ ಪ್ರಶ್ನೆ ಖಾಲಿ ಬಿಟ್ಟಿರ್ತಾರ. ಎಸ್‌ಪಿಎಸ್‌ಎಸ್ ಒಳಗ ಬರೀ ‘ಸಮ್’ ಹಾಕಿದ್ರ ಖಾಲಿ ಇದ್ದದ್ದನ್ನ ಬಿಟ್ಟು ಉಳಿದದ್ದು ಕೂಡಿಸ್ತದ. 8 ಪ್ರಶ್ನೆ ತುಂಬಿದವನಿಗೆ ಒತ್ತಡ ಕಡಿಮಿ ಅದ ಅಂತ ಬರ್ತದ! ‘ಸಮ್.10’ ಅಂತ ಬರೀರಿ, ಹತ್ತೂ ಇದ್ರ ಮಾತ್ರ ಒಟ್ಟು ಕೊಡ್ತದ. ಖಾಲಿ ಜಾಗಕ್ಕ 9 ಇಲ್ಲಾ 99 ಹಾಕಿದ್ರ ಅದನ್ನ ಮಿಸ್ಸಿಂಗ್ ಅಂತ ವೇರಿಯಬಲ್ ವ್ಯೂದಾಗ ಹೇಳಲೇಬೇಕು. ಕಡೀಗೆ ಎಲ್ಲಾ ಪ್ರಶ್ನೆಗೂ ಮಿನಿಮಮ್, ಮ್ಯಾಕ್ಸಿಮಮ್ ತಗೀರಿ: 0 ಮತ್ತ 4ರ ಆಚೆ ಏನರ ಕಂಡ್ರ ಟೈಪಿಂಗ್ ತಪ್ಪು, ಫಾರಂ ನಂಬರ್ ಹಿಡಿದು ಮೂಲ ಹಾಳಿ ನೋಡ್ರಿ.

ನಾರ್ಮಲಿಟಿಗೆ (ಅಂಕ ಗಂಟಿ ಆಕಾರದಾಗ ಹರಡ್ಯಾವೋ ಇಲ್ಲೋ ಅಂತ ನೋಡಾಕ) ಶಪಿರೊ–ವಿಲ್ಕ್ ಟೆಸ್ಟ್ ಹಾಕೋದಿದ್ರ ಎರಡೂ ಗುಂಪಿಗೆ ಬ್ಯಾರೆ ಬ್ಯಾರೆ ಹಾಕ್ರಿ, 80ನ್ನೂ ಕಲಸಿ ಅಲ್ಲ. ಕ್ಯೂ–ಕ್ಯೂ ಪ್ಲಾಟ್ ಕಣ್ಣಿಲೆ ನೋಡಿದ್ರ ಅದಕ್ಕಿಂತ ಛಲೋ. 40–40 ಇದ್ದಾಗ ಸ್ವಲ್ಪ ವಾರೆ ಇದ್ರೂ ಟಿ ಟೆಸ್ಟ್ ತಡಕೊಂತದ.

ಗಂಗಾವತಿ_ನಾಲೆ ಉತ್ತರ:

ಕೋಟೆಗುಡ್ಡ ಅವರ ಲೆಕ್ಕದಲ್ಲಿ ಒಂದು ಮಾತು ಒಳಗೇ ಅಡಗಿದೆ, ಅದನ್ನು ಹೊರಗೆ ತೆಗೆಯಬೇಕು. 80 ಫಾರಂ ಕಲಸುವಾಗ ಪ್ರತಿ ಫಾರಂ ಇನ್ನೊಂದರಿಂದ ಸ್ವತಂತ್ರ ಎಂದು ಭಾವಿಸಿದ್ದಾರೆ. ಇಲ್ಲಿ ಹಾಗಿಲ್ಲ. ಒಂದೇ ಹಾಸ್ಟೆಲ್‌ನ 20 ಜನ ಒಂದೇ ಊಟ ಉಣ್ಣುತ್ತಾರೆ, ಒಬ್ಬರೇ ವಾರ್ಡನ್, ಬೋರ್‌ವೆಲ್ ಕೆಟ್ಟರೆ 20 ಜನಕ್ಕೂ ಒಟ್ಟಿಗೆ ತೊಂದರೆ. ಅವರ ಅಂಕಗಳು ಪರಸ್ಪರ ಸ್ವಲ್ಪ ಹೋಲುತ್ತವೆ. ಈ ಹೋಲಿಕೆಯ ಅಳತೆಗೆ ಐಸಿಸಿ ಎನ್ನುತ್ತಾರೆ. ನಾರ್ಮಲಿಟಿಗೆ ಎಲ್ಲರೂ ತಲೆಕೆಡಿಸಿಕೊಳ್ಳುತ್ತಾರೆ; ಟಿ ಟೆಸ್ಟನ್ನು ನಿಜವಾಗಿ ಕೆಡವುವುದು ಸ್ವಾತಂತ್ರ್ಯದ ಈ ಷರತ್ತು ಮುರಿದಾಗ.

ಎಷ್ಟು ಪೆಟ್ಟು ಬೀಳುತ್ತದೆ ಎಂಬುದಕ್ಕೆ ಸರಳ ಸೂತ್ರ ಇದೆ: 1 + (ಒಂದು ಗೊಂಚಲಿನಲ್ಲಿರುವ ಜನ − 1) × ಐಸಿಸಿ. ಗೊಂಚಲು ಎಂದರೆ ಇಲ್ಲಿ ಒಂದು ಹಾಸ್ಟೆಲ್ ಅಥವಾ ಒಂದು ಕಾಲೇಜು. ಐಸಿಸಿ ಬರೀ 0.05 ಎಂದು ಹಿಡಿದರೂ 1 + 19 × 0.05 = 1.95. ನಿಮ್ಮ 80 ಜನ ಸುಮಾರು 41 ಸ್ವತಂತ್ರ ಜನರಿಗೆ ಸಮ. ಸ್ಟ್ಯಾಂಡರ್ಡ್ ಎರರ್ (ವ್ಯತ್ಯಾಸದ ಅಂದಾಜು ಎಷ್ಟು ಅಲ್ಲಾಡಬಹುದು ಎಂಬ ಅಳತೆ) 1.30 ಇದ್ದದ್ದು 1.81 ಆಗುತ್ತದೆ, ಟಿ 2.16ರಿಂದ 1.55ಕ್ಕೆ, ಪಿ 0.13ರ ಹತ್ತಿರ.

ಇದು ಊಹೆಯ ಐಸಿಸಿ. ನಿಮ್ಮದೇ ಡೇಟಾದಿಂದ ನೋಡೋಣ. ಎರಡು ಹಾಸ್ಟೆಲ್, ಎರಡು ಕಾಲೇಜು, ನಾಲ್ಕರ ಸರಾಸರಿ ಬೇರೆ ಬೇರೆ ಕೊಡುತ್ತೀರಾ? ಜೊತೆಗೆ, ನಾಲ್ಕೂ ಕಡೆ ಒಂದೇ ವಾರದಲ್ಲಿ ಫಾರಂ ತುಂಬಿಸಿದ್ದೇ? ಪಿಎಸ್‌ಎಸ್ ಕೇಳುವುದು ಕಳೆದ ಒಂದು ತಿಂಗಳ ಮಾತು. ಒಂದು ಕಡೆ ಪ್ರಿಪರೇಟರಿ ಪರೀಕ್ಷೆಗೆ ಮುಂಚೆ, ಇನ್ನೊಂದು ಕಡೆ ಮುಗಿದ ಮೇಲೆ ಆಗಿದ್ದರೆ, ಹೋಲಿಸುತ್ತಿರುವುದು ಪರೀಕ್ಷೆಯನ್ನೋ ಹಾಸ್ಟೆಲನ್ನೋ ಗೊತ್ತಾಗುವುದಿಲ್ಲ.

ಸಿರುಗುಪ್ಪ_ಎಂಎ:

ನಾಲ್ಕೂ ಕಡೆ ಒಂದೇ ವಾರ ಸರ್. ಉಲ್ಟಾ ಪ್ರಶ್ನೆ ತಿರುಗಿಸಿದ್ದೇನೆ, ಆಲ್ಫಾ 0.78. ಸರಾಸರಿಗಳು: ಮೊದಲ ಹಾಸ್ಟೆಲ್ 23.6, ಎರಡನೆಯದು 19.2. ಕಾಲೇಜುಗಳು 18.9 ಮತ್ತು 18.3. ಸಲ್ಲಿಸಲು ಇನ್ನೂ ಎರಡು ತಿಂಗಳಿದೆ. ಇದೇ ಹಾಸ್ಟೆಲ್‌ಗಳಲ್ಲಿ ಇನ್ನಷ್ಟು ಜನರನ್ನು ಸೇರಿಸಿಕೊಂಡು ಮತ್ತೆ ಟೆಸ್ಟ್ ಮಾಡಿದರೆ ಸರಿಹೋಗುತ್ತದೆಯೇ?

ಗಂಗಾವತಿ_ನಾಲೆ:

ನಾಲ್ಕು ಅಂಕಿಯಲ್ಲೇ ಕಥೆ ಇದೆ. ಎರಡನೇ ಹಾಸ್ಟೆಲ್ ಕಾಲೇಜುಗಳ ಪಕ್ಕದಲ್ಲೇ ಕೂತಿದೆ. ವ್ಯತ್ಯಾಸದ ಬಹುಭಾಗ ಮೊದಲ ಹಾಸ್ಟೆಲ್ ಒಂದರಿಂದಲೇ ಬಂದಿದೆ. ನಿಮ್ಮ ಪ್ರಶ್ನೆ ‘ಹಾಸ್ಟೆಲ್ ವಾಸ’ದ ಬಗ್ಗೆ, ನಿಮ್ಮ ಉತ್ತರ ‘ಆ ಒಂದು ಹಾಸ್ಟೆಲ್’ ಬಗ್ಗೆ.

ಗೊಂಚಲನ್ನೇ ಘಟಕ ಮಾಡಿ ಕೈಯಲ್ಲೇ ಟಿ ತೆಗೆಯಬಹುದು. ಹಾಸ್ಟೆಲ್‌ಗಳ ನಡುವಿನ ವೇರಿಯನ್ಸ್ (ಎಸ್‌ಡಿಯ ವರ್ಗ): 23.6 ಮತ್ತು 19.2ರ ಅಂತರ 4.4, ಅದರ ವರ್ಗ 19.36, ಅರ್ಧ 9.68. ಕಾಲೇಜುಗಳದು: ಅಂತರ 0.6, ವರ್ಗ 0.36, ಅರ್ಧ 0.18. ಎರಡರ ಸರಾಸರಿ 4.93. ಎರಡೂ ಕಡೆ ಎರಡೆರಡೇ ಘಟಕ, ಆದ್ದರಿಂದ ಸ್ಟ್ಯಾಂಡರ್ಡ್ ಎರರ್ 4.93ರ ವರ್ಗಮೂಲ, 2.22. ಟಿ = 2.8/2.22 = 1.26. ಡಿಎಫ್ 78 ಅಲ್ಲ, 2. ಪಿ = 0.33. ಡಿಎಫ್ 2 ಇದ್ದಾಗ 0.05 ದಾಟಲು ಟಿ 4.30 ಬೇಕು. ಇಂಟರ್ವಲ್ −6.8ರಿಂದ 12.4. ಹೆಚ್ಚೂ ಕಡಿಮೆ ಏನೂ ಗೊತ್ತಿಲ್ಲ ಎಂದೇ ಅರ್ಥ.

ಅದೇ ಹಾಸ್ಟೆಲ್‌ಗಳಲ್ಲಿ ಇನ್ನೂ 100 ಜನರನ್ನು ಸೇರಿಸಿದರೂ ಈ ಡಿಎಫ್ 2ಕ್ಕಿಂತ ಮೇಲೇರದು. ಜನ ಅಲ್ಲ, ಹಾಸ್ಟೆಲ್‌ಗಳ ಸಂಖ್ಯೆ ಹೆಚ್ಚಬೇಕು. ಕಂಪ್ಲಿ, ಕುರುಗೋಡು, ಸಂಡೂರು ಕಡೆಯ ಬಿಸಿಎಂ ಮತ್ತು ಸಮಾಜ ಕಲ್ಯಾಣ ಹಾಸ್ಟೆಲ್‌ಗಳಿಂದ ತಲಾ 5–6 ಜನ ಸಾಕು. ಇನ್ನೂ ಒಳ್ಳೆಯದು: ಆ ಹಾಸ್ಟೆಲ್‌ನವರು ಯಾವ ಕಾಲೇಜಿಗೆ ಹೋಗುತ್ತಾರೋ ಅದೇ ಕಾಲೇಜಿನ ಅದೇ ಸೆಕ್ಷನ್‌ನಿಂದ ಮನೆಯಿಂದ ಬರುವವರನ್ನೂ ತೆಗೆದುಕೊಳ್ಳಿ. ಆಗ ಉಪನ್ಯಾಸಕರು, ಕಿರುಪರೀಕ್ಷೆ, ಸಿಲಬಸ್ ಎಲ್ಲ ಇಬ್ಬರಿಗೂ ಒಂದೇ ಆಗಿ, ಕಾಲೇಜಿನ ಪ್ರಭಾವ ಹೋಲಿಕೆಯಿಂದ ಹೊರಗೆ ಬೀಳುತ್ತದೆ. 18 ತುಂಬದವರಿಗೆ ಪಾಲಕರ ಒಪ್ಪಿಗೆ ಪತ್ರವೂ ಬೇಕು, ವಿದ್ಯಾರ್ಥಿಯ ಸಮ್ಮತಿಯೂ ಬೇಕು. ಹಾಸ್ಟೆಲ್‌ನಲ್ಲಿ ಪಾಲಕರು ಎದುರಿಗೆ ಇರುವುದಿಲ್ಲ, ಹಾಗಾಗಿ ಇದಕ್ಕೇ ಹೆಚ್ಚು ದಿನ ಹಿಡಿಯುವುದು.

ಕೊಪ್ಪಳ_ಪೇಟೆ ಉತ್ತರ:

ಎಂ.ಎ. ಡೆಸರ್ಟೇಶನ್ನಿಗೆ ಇಷ್ಟೆಲ್ಲಾ ಬೇಕೇನ್ರಿ? ಗೊಂಚಲು ಲೆಕ್ಕ ಹಾಕಿದ್ರ ಅರ್ಧಕ್ಕರ್ಧ ಡೆಸರ್ಟೇಶನ್ ಬಿದ್ದು ಹೋಗ್ತಾವು. ಸಾದಾ ಟಿ ಟೆಸ್ಟ್ ಹಾಕಿ ಮಿತಿಗಳು ಅನ್ನೋ ಅಧ್ಯಾಯದಾಗ ಒಂದು ಸಾಲು ಬರದ್ರ ಆಗೂದಿಲ್ಲೇನು? ಮಿಕ್ಸೆಡ್ ಮಾಡೆಲ್ (ಗೊಂಚಲನ್ನೂ ಲೆಕ್ಕಕ್ಕ ಹಿಡಿಯೋ ವಿಧಾನ) ಹಾಕ್ರಿ ಅಂದ್ರೂ ನಾಕು ಗೊಂಚಲಿನ ಮ್ಯಾಲೆ ಅದು ಓಡೂದಿಲ್ಲ, ವಾರ್ನಿಂಗ್ ಕೊಡ್ತೈತಿ.

ಕೋಟೆಗುಡ್ಡ:

ಮಿಕ್ಸೆಡ್ ಮಾಡೆಲ್ ಬಗ್ಗೆ ನಿಮ್ಮ ಮಾತು ಸರಿ. ನಾಲ್ಕು ಗೊಂಚಲಿನಿಂದ ಗೊಂಚಲುಗಳ ನಡುವಿನ ವೇರಿಯನ್ಸ್ ಅಂದಾಜು ಮಾಡುವುದಕ್ಕಾಗದು, ಸೊನ್ನೆ ಎಂದು ತೋರಿಸಿ ಮತ್ತೆ ಹಳೆಯ ಸಣ್ಣ ಪಿಯನ್ನೇ ಕೊಡುವ ಸಾಧ್ಯತೆಯೂ ಇದೆ. ಆದರೆ 0.034 ಎಂದು ಸಾರಾಂಶದಲ್ಲಿ ಬರೆದು, ಮಿತಿಗಳ ಅಧ್ಯಾಯದಲ್ಲಿ ಅದು 0.33 ಆಗಬಹುದು ಎಂದು ಒಂದು ಸಾಲಿನಲ್ಲಿ ಮುಗಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಓದುವವರು ಸಾರಾಂಶ ಓದುತ್ತಾರೆ. ಸಿಗ್ನಿಫಿಕೆಂಟ್ ಬರಲಿಲ್ಲ ಎಂಬ ಕಾರಣಕ್ಕೆ ಡೆಸರ್ಟೇಶನ್ ಬೀಳಬಾರದು, ಬಿದ್ದರೆ ಅದು ನಿಯಮದ ತಪ್ಪು, ಲೆಕ್ಕದ್ದಲ್ಲ.

ಹೆಚ್ಚುವರಿ ಡೇಟಾ ವಿಷಯಕ್ಕೆ ಬರೋಣ, ಅದರಲ್ಲೂ ಒಂದು ಗುಂಡಿ ಇದೆ. ಸ್ವಲ್ಪ ಸೇರಿಸು, ಟೆಸ್ಟ್ ಮಾಡು, ಬರಲಿಲ್ಲವೆಂದರೆ ಇನ್ನಷ್ಟು ಸೇರಿಸು ಎಂದು ಹೋದರೆ 5%ದ ಮಿತಿ ಉಳಿಯುವುದಿಲ್ಲ. ಸಮ ಅಂತರದಲ್ಲಿ ಎರಡು ಸಲ ಇಣುಕಿದರೆ ಸುಳ್ಳು ಪಾಸಿಟಿವ್ 8.3%, ಐದು ಸಲ ಇಣುಕಿದರೆ 14.2%. ಎರಡೇ ಸಲ ನೋಡುತ್ತೇವೆ ಎಂದು ಮೊದಲೇ ನಿರ್ಧರಿಸಿದ್ದರೆ ಪೊಕಾಕ್ ವಿಧಾನದಲ್ಲಿ ಪ್ರತಿ ಸಲ 0.0294ಕ್ಕೆ ಹೋಲಿಸಬಹುದು, ಆದರೆ ನೀವು ಮೊದಲ ಫಲಿತಾಂಶ ನೋಡಿ ಆಗಿದೆ. ಚೊಕ್ಕ ದಾರಿ ಎಂದರೆ ಈ 80 ಜನರದ್ದನ್ನು ಪೈಲಟ್ ಎಂದು ಬರೆದು, ಹೊಸ ಡೇಟಾವನ್ನು ಅದರೊಂದಿಗೆ ಬೆರೆಸದೆ ಬೇರೆಯಾಗಿ ಪರೀಕ್ಷಿಸುವುದು.

ಹೊಸದಕ್ಕೆ ಎಷ್ಟು ಜನ? ಜಿ-ಪವರ್ ಇದನ್ನು ಲೆಕ್ಕಹಾಕುವ ಉಚಿತ ತಂತ್ರಾಂಶ. ಅದರಲ್ಲಿ ಟಿ ಟೆಸ್ಟ್‌ಗಳು, ಎರಡು ಸ್ವತಂತ್ರ ಗುಂಪು, ‘ಅ ಪ್ರಯೋರಿ’ ಆರಿಸಿ. ಟೂ ಟೇಲ್ಡ್, ಆಲ್ಫಾ (ಇಲ್ಲಿ ಸಿಗ್ನಿಫಿಕೆನ್ಸ್ ಮಿತಿ, ಕ್ರೋನ್‌ಬ್ಯಾಕ್‌ನದ್ದಲ್ಲ) 0.05, ಪವರ್ 0.80 ಹಾಕಿದರೆ ಡಿ 0.5ಕ್ಕೆ ಪ್ರತಿ ಗುಂಪಿಗೆ 64 ಜನ, ಡಿ 0.8ಕ್ಕೆ 26 ಜನ, ಡಿ 0.2ಕ್ಕೆ 390ರ ಮೇಲೆ. ಪೈಲಟ್‌ನ 0.48 ಅನ್ನು ಹಾಗೇ ಒಳಗೆ ತುರುಕಬೇಡಿ, ಅದರ ಇಂಟರ್ವಲ್ ಎಷ್ಟು ಅಗಲ ಎಂದು ಮೇಲೆ ನೋಡಿದ್ದೇವೆ. ಬದಲಿಗೆ ‘ಪಿಎಸ್‌ಎಸ್‌ನಲ್ಲಿ ಎಷ್ಟು ಅಂಕದ ವ್ಯತ್ಯಾಸ ಇದ್ದರೆ ಹಾಸ್ಟೆಲ್‌ನಲ್ಲಿ ಒಬ್ಬ ಕೌನ್ಸೆಲರ್ ಇಡಿ ಎನ್ನಲು ಅರ್ಥವಿದೆ’ ಎಂದು ಯೋಚಿಸಿ. 3 ಅಂಕ ಎಂದರೆ ಡಿ 0.5ರ ಆಸುಪಾಸು. 64ನ್ನು ಗೊಂಚಲಿನ ಸೂತ್ರದಿಂದ ಗುಣಿಸಿ. ತಲಾ 6 ಜನ ತೆಗೆದುಕೊಂಡು ಐಸಿಸಿ 0.05 ಹಿಡಿದರೆ 1.25, ಆದ್ದರಿಂದ 80 ಜನ, 14 ಹಾಸ್ಟೆಲ್. ತಲಾ 20 ತೆಗೆದುಕೊಂಡರೆ 1.95, 125 ಜನ ಬೇಕು, ಅದೂ ಬರೀ ಆರೇಳು ಹಾಸ್ಟೆಲ್‌ನಿಂದ. ಓಡಾಟ ಹೆಚ್ಚಾದರೂ ಮೊದಲನೆಯದೇ ಲೇಸು.

ಟೆಸ್ಟ್ ಮುಗಿದ ಮೇಲೆ, ಬಂದ ಡಿಯನ್ನೇ ಹಾಕಿ ‘ನಮ್ಮ ಪವರ್ ಇಷ್ಟಿತ್ತು’ ಎಂದು ಬರೆಯುವ ಅಭ್ಯಾಸವಿದೆ. ಅದರಿಂದ ಹೊಸದೇನೂ ತಿಳಿಯದು, ಪಿಯನ್ನೇ ಇನ್ನೊಂದು ರೂಪದಲ್ಲಿ ಬರೆದ ಹಾಗೆ. ಪಿ ಸರಿಯಾಗಿ 0.05 ಬಂದಾಗ ಆ ಪವರ್ ಯಾವಾಗಲೂ 50%ದ ಹತ್ತಿರವೇ ಇರುತ್ತದೆ.

ರಾಯಚೂರು_ಬಿಸಿಲು:

ಎಸ್‌ಪಿಎಸ್‌ಎಸ್ ಲೈಸೆನ್ಸ್ ಇಲ್ದವ್ರು ಜಮೋವಿ ಇಲ್ಲಾ ಜಾಸ್ಪ್ ಇಳಿಸಿಕೊಳ್ರಿ, ಎರಡೂ ಪುಕ್ಕಟೆ ಅದಾವ. ಜಮೋವಿ ಒಳಗ ಇಂಡಿಪೆಂಡೆಂಟ್ ಟಿ ಟೆಸ್ಟ್ ತಗದು ವೆಲ್ಚ್, ಎಫೆಕ್ಟ್ ಸೈಜ್, ಕಾನ್ಫಿಡೆನ್ಸ್ ಇಂಟರ್ವಲ್, ಕ್ಯೂ–ಕ್ಯೂ ಪ್ಲಾಟ್ ಇಷ್ಟಕ್ಕ ಟಿಕ್ ಹಾಕಿದ್ರ ಬೇಕಾದದ್ದೆಲ್ಲಾ ಒಂದೇ ಪುಟದಾಗ ಬರ್ತದ. ಎಸ್‌ಪಿಎಸ್‌ಎಸ್ ಒಳಗ ಸಿಗ್ ಅನ್ನೋ ಕಾಲಂದಾಗ .000 ಅಂತ ಬಂದ್ರ ಪಿ = 0 ಅಂತ ಬರೀಬ್ಯಾಡ್ರಿ, ಪಿ < 0.001 ಅಂತ ಬರೀರಿ. ಮೂರು ಸ್ಥಾನಕ್ಕ ಕತ್ತರಿಸಿ ತೋರಿಸ್ತದ, ಅಷ್ಟ.

ಮತ್ತ ಒಂದ ಗುಂಪಿನ ಹುಡುಗ್ರಿಗೆ ಏನರ ತರಬೇತಿ ಕೊಟ್ಟು, ಮೊದಲು–ಆಮ್ಯಾಲ ಅಂತ ಎರಡು ಸಲ ಪಿಎಸ್‌ಎಸ್ ತಗೊಂಡವ್ರು ಇದೇ ಟೆಸ್ಟ್ ಹಾಕಬ್ಯಾಡ್ರಿ. ಅದು ಪೇರ್ಡ್ ಟಿ ಟೆಸ್ಟ್. ಶೀಟ್‌ನಾಗ ಒಬ್ಬರಿಗೆ ಒಂದೇ ಸಾಲು, ಎರಡು ಕಾಲಂ ಇರಬೇಕು.

ಗಂಗಾವತಿ_ನಾಲೆ:

ಹೊಸ ಡೇಟಾ ಸಿಗದಿದ್ದ ಪಕ್ಷದಲ್ಲಿ ಇರುವುದನ್ನು ಹೇಗೆ ಬರೆಯುವುದು ಎಂಬುದಕ್ಕೆ ಒಂದು ಕರಡು. ಬೇಕಾದಂತೆ ತಿದ್ದಿಕೊಳ್ಳಿ:

‘ಹಾಸ್ಟೆಲ್ ವಿದ್ಯಾರ್ಥಿಗಳ ಸರಾಸರಿ ಅಂಕ (21.4, ಎಸ್‌ಡಿ 6.0) ಮನೆಯಿಂದ ಬರುವವರಿಗಿಂತ (18.6, ಎಸ್‌ಡಿ 5.6) 2.8 ಅಂಕ ಹೆಚ್ಚಿತ್ತು. ವಿದ್ಯಾರ್ಥಿಗಳನ್ನು ಪರಸ್ಪರ ಸ್ವತಂತ್ರ ಎಂದು ಪರಿಗಣಿಸಿದ ವೆಲ್ಚ್ ಪರೀಕ್ಷೆಯಲ್ಲಿ ಟಿ(77.6) = 2.16, ಪಿ = 0.034, ಡಿ = 0.48, ವ್ಯತ್ಯಾಸದ 95% ಇಂಟರ್ವಲ್ 0.22ರಿಂದ 5.38. ಆದರೆ ದತ್ತಾಂಶ ನಾಲ್ಕೇ ಸಂಸ್ಥೆಗಳಿಂದ ಬಂದಿದ್ದು, ಎರಡು ಹಾಸ್ಟೆಲ್‌ಗಳ ನಡುವೆಯೇ 4.4 ಅಂಕದ ಅಂತರವಿದೆ. ಸಂಸ್ಥೆಯನ್ನು ಘಟಕವಾಗಿ ತೆಗೆದುಕೊಂಡಾಗ ಟಿ(2) = 1.26, ಪಿ = 0.33. ಆದ್ದರಿಂದ ಈ ವ್ಯತ್ಯಾಸ ಹಾಸ್ಟೆಲ್ ವಾಸದಿಂದ ಬಂದದ್ದೋ ನಿರ್ದಿಷ್ಟ ಹಾಸ್ಟೆಲ್‌ನಿಂದ ಬಂದದ್ದೋ ಎಂದು ಈ ಅಧ್ಯಯನ ಪ್ರತ್ಯೇಕಿಸಲಾರದು.’

ನಾಲ್ಕೂ ಸರಾಸರಿಗಳ ಕೋಷ್ಟಕವನ್ನು ಇದರ ಕೆಳಗೇ ಹಾಕಿ, ಅನುಬಂಧಕ್ಕೆ ತಳ್ಳಬೇಡಿ. ಹಾಸ್ಟೆಲ್ ಹೆಸರು ಹಾಕದೆ ಅ, ಆ ಎಂದಷ್ಟೇ ಬರೆಯಿರಿ; ಒತ್ತಡ ಹೆಚ್ಚು ಬಂದ ಹಾಸ್ಟೆಲ್‌ನ ಹೆಸರು ಹೊರಗೆ ಬಿದ್ದರೆ ಫಾರಂ ತುಂಬಿದ ಮಕ್ಕಳಿಗೇ ತೊಂದರೆ.

ಸಿರುಗುಪ್ಪ_ಎಂಎ:

ಎಲ್ಲರಿಗೂ ಧನ್ಯವಾದ. ಸಿನಾಪ್ಸಿಸ್ ನೋಡಿದೆ, ‘ಗಮನಾರ್ಹ ವ್ಯತ್ಯಾಸ ಇರುತ್ತದೆ’ ಎಂದಷ್ಟೇ ಇದೆ, ದಿಕ್ಕಿಲ್ಲ. ಟೂ ಟೇಲ್ಡ್ ಇಡುತ್ತೇನೆ. ಹೊಸ ಸುತ್ತಿಗೆ ಒಂದು ಕಡೆಯ ಸಂದೇಹ: ಒಂದೇ ಕಾಲೇಜಿನಿಂದ ಹಾಸ್ಟೆಲ್‌ನವರು, ಮನೆಯವರು ಇಬ್ಬರನ್ನೂ ತೆಗೆದುಕೊಂಡರೆ ಜಮೋವಿಯಲ್ಲಿ ಯಾವ ಟೆಸ್ಟ್?

ಗಂಗಾವತಿ_ನಾಲೆ:

ಕಾಲೇಜು 12–14 ಇದ್ದರೆ ಎಲ್ಲಕ್ಕಿಂತ ಸುಲಭ ದಾರಿ: ಪ್ರತಿ ಕಾಲೇಜಿಗೆ ಹಾಸ್ಟೆಲ್ ಸರಾಸರಿ ಒಂದು, ಮನೆ ಸರಾಸರಿ ಒಂದು ತೆಗೆದು, ಆ ಜೋಡಿಗಳ ಮೇಲೆ ಪೇರ್ಡ್ ಟಿ ಟೆಸ್ಟ್. 14 ಕಾಲೇಜಿಗೆ ಡಿಎಫ್ 13. ಇದಕ್ಕೆ ಎರಡು ಷರತ್ತು: ಪ್ರತಿ ಕಾಲೇಜಿನ ಹಾಸ್ಟೆಲ್ ಬೇರೆಯದೇ ಆಗಿರಬೇಕು, ಮತ್ತು ಎಲ್ಲ ಕಡೆ ಜನಸಂಖ್ಯೆ ಹೆಚ್ಚೂಕಡಿಮೆ ಒಂದೇ ಇರಬೇಕು, ತಲಾ 6–6 ಎಂದರೆ ಸರಿಹೋಯಿತು. ಮಿಕ್ಸೆಡ್ ಮಾಡೆಲ್ಲೇ ಬೇಕಿದ್ದರೆ ಜಮೋವಿಯಲ್ಲಿ ಗ್ಯಾಮ್ಲ್‌ಜೆ ಎಂಬ ಮಾಡ್ಯೂಲ್ ಸೇರಿಸಿಕೊಂಡು, ವಾಸವನ್ನು ಫಿಕ್ಸೆಡ್, ಕಾಲೇಜನ್ನು ಕ್ಲಸ್ಟರ್ ಮಾಡಿ. ವಾಸದ ಪರಿಣಾಮ ಕಾಲೇಜಿನಿಂದ ಕಾಲೇಜಿಗೆ ಬದಲಾಗಲು ಬಿಡಿ, ಇಲ್ಲದಿದ್ದರೆ ಪಿ ಮತ್ತೆ ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಬರುತ್ತದೆ. ಯಾವುದನ್ನು ಮಾಡುತ್ತೀರಿ ಎಂದು ಫಾರಂ ಹಂಚುವ ಮೊದಲೇ ಬರೆದು ಗೈಡ್ ಸಹಿ, ದಿನಾಂಕ ಹಾಕಿಸಿಡಿ.